ನಮ್ಮ ಮನೆಯ ಸಂಡಾಸಕ್ಕೆ ನಮ್ಮದೇ ಕೈ



ಕಾಯಕದ ಬಗ್ಗೆ ನಾಲ್ಕು ಮಾತಾಡಿ ಎಂದು ಕರೆದಿದ್ದೀರಿ. ನಾನು ಸಂಡಾಸದ ಬಗ್ಗೆ ಮಾತಾಡುವವನಿದ್ದೇನೆ. ನಗಬೇಡಿ, ಎರಡೂ ಒಂದೇ ವಿಷಯ.

ರಾಯಚೂರಿರಲಿ, ಮಾನ್ವಿ ದೇವದುರ್ಗಗಳಿರಲಿ, ಸಂಡಾಸ ಕಟ್ಟಿಕೊಂಡ ದಿನ ನಮ್ಮ ಮನೆಗಳಲ್ಲಿ ಏನಾಗುತ್ತದೆ? ನೀರು ಹಾಕಿದರೆ ಮೇಲಕ್ಕೇರುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಅಂದರೆ ಪೂರ್ತಿ ಕಟ್ಟಿಲ್ಲ, ಅರ್ಧ ಕಟ್ಟಿದೆ. ಯಜಮಾನರು ಮೂಗು ಮುಚ್ಚಿಕೊಂಡು ಹೊರಗೆ ಬಂದು, ‘ಆ ಓಣಿಯವನಿಗೆ ಹೇಳಿ ಕಳಿಸ್ರಿ’ ಅನ್ನುತ್ತಾರೆ. ಯಾವ ಓಣಿ ಎಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಅವನು ಹಿತ್ತಲ ಬಾಗಿಲಿನಿಂದ ಬರುತ್ತಾನೆ, ಬರಿಗೈ ಇಳಿಸಿ ಕಸ ತೆಗೆಯುತ್ತಾನೆ. ಕೂಲಿಯನ್ನು ಕಟ್ಟೆಯ ಮೇಲಿಡುತ್ತೇವೆ. ನೀರು ಕೇಳಿದರೆ ಚರಿಗೆಯಿಂದ ಮೇಲಿನಿಂದ ಸುರಿಯುತ್ತೇವೆ. ಪಡಸಾಲೆಯ ಗೋಡೆಯ ಮೇಲೆ ಬಸವಣ್ಣನವರ ಫೋಟೊ ಇದೆ, ಅದಕ್ಕೆ ನಿತ್ಯ ಹೂವೂ ಇದೆ.

ಸತ್ಯಕ್ಕ ಶರಣರ ಮನೆಯಂಗಳ ಕಸಗುಡಿಸಿದವಳು. ನಮ್ಮದೇ ಜಿಲ್ಲೆಯ ಅಮರೇಶ್ವರದ ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದವನು. ಅವರ ಹೆಸರು ಹೇಳಿ ಭಾಷಣ ಮಾಡುವುದು ಸುಲಭ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂಬುದು ಪರೀಕ್ಷೆಗೆ ಬರುವುದು ಸಂಡಾಸದ ಬಾಗಿಲಲ್ಲಿ.

1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಲು ಆದೇಶ ಮಾಡಿದರು. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಪೌರಕಾರ್ಮಿಕ ಕುಟುಂಬದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಕೋಲಾರದ ಗಣಿ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಇದಕ್ಕಾಗಿಯೇ ಜೀವ ಸವೆಸಿದ್ದಾರೆ, 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾವು ಚಪ್ಪಾಳೆ ಹೊಡೆದು, ಮರುದಿನ ಅದೇ ಓಣಿಗೆ ಫೋನ್ ಮಾಡಿದೆವು.

ಇರಲಿ, ಕೆಲಸಕ್ಕೆ ಬರೋಣ. ಈ ಕೆಲಸ ಕಷ್ಟದ್ದಲ್ಲ.

ಪ್ಯಾನಿನ ಕೆಳಗೆ ಬಾಗಿದ ಕೊಳವೆಯೊಂದಿದೆ, ಟ್ರ್ಯಾಪ್ ಅನ್ನುತ್ತಾರೆ. ಅದರಲ್ಲಿ ಸದಾ ನೀರು ನಿಂತು, ಗುಂಡಿಯ ವಾಸನೆ ಮೇಲೆ ಬರದಂತೆ ತಡೆಯುತ್ತದೆ. ಬಹಳ ಸಲ ಕಟ್ಟುವುದೂ ಆ ಬಾಗಿನಲ್ಲೇ. ಗುಟ್ಕಾ ಚೀಟಿ, ಶಾಂಪೂ ಪೊಟ್ಟಣ, ಪ್ಯಾಡು, ಬಟ್ಟೆ ಚೂರು, ಬಾಚಣಿಗೆಯ ಕೂದಲು ಅಲ್ಲಿ ಸಿಕ್ಕಿಕೊಳ್ಳುತ್ತವೆ. ನಮ್ಮ ಕಡೆ ಇನ್ನೊಂದು ಕಾರಣವೂ ಇದೆ. ಬೇಸಿಗೆಯಲ್ಲಿ ನೀರು ಉಳಿಸಲು ಅರ್ಧ ಚರಿಗೆ ಹಾಕಿ ಎದ್ದು ಬರುತ್ತೇವೆ. ಮಲವನ್ನು ತಳ್ಳಿಕೊಂಡು ಹೋಗುವಷ್ಟು ನೀರಿಲ್ಲದೆ ಅದು ಅಲ್ಲೇ ಕೂರುತ್ತದೆ.

ಮೊದಲು ಬಚ್ಚಲ ನೀರು ನೋಡಿ. ಬಚ್ಚಲು, ಸಂಡಾಸ ಎರಡರ ನೀರೂ ಒಂದೇ ಕೊಳವೆಗೆ ಕೂಡುವ ಮನೆಯಲ್ಲಿ ಎರಡೂ ನಿಧಾನವಾಗಿದ್ದರೆ ತೊಡಕು ಮುಂದಿನ ಚೇಂಬರಿನಲ್ಲಿದೆ. ಸಂಡಾಸವಷ್ಟೇ ನಿಧಾನವಾಗಿದ್ದರೆ ಟ್ರ್ಯಾಪಿನಲ್ಲಿರುವ ಸಂಭವ ಹೆಚ್ಚು. ಆಗ ಮೇಲೆ ಮೇಲೆ ನೀರು ಸುರಿಯಬೇಡಿ, ತುಂಬಿ ಹೊರಗೆ ಬರುತ್ತದೆ. ನಿಂತ ನೀರು ಇಳಿಯುವವರೆಗೆ ಕಾಯಿರಿ. ರಬ್ಬರಿನ ಕೈಗವಸು ಹಾಕಿಕೊಳ್ಳಿ. ಎರಡು ಹಿಡಿ ಸೋಪಿನ ಪುಡಿ ಹಾಕಿ, ಕೈಗೆ ತಾಳುವಷ್ಟು ಬಿಸಿಯಾದ ಅರ್ಧ ಬಕೀಟು ನೀರು ಹಾಕಿ ಅರ್ಧ ಗಂಟೆ ಬಿಡಿ. ಕುದಿಯುವ ನೀರು ಬೇಡ, ಪಿಂಗಾಣಿ ಸೀಳುತ್ತದೆ.

ಆಮೇಲೆ ಪ್ಲಂಜರು. ಹಾರ್ಡ್‌ವೇರ್ ಅಂಗಡಿಯಲ್ಲಿ ರಬ್ಬರ್ ಬಟ್ಟಲಿನ ಕೋಲು ಕೇಳಿದರೆ ಕೊಡುತ್ತಾರೆ. ಬಟ್ಟಲು ನೀರಿನಲ್ಲಿ ಮುಳುಗಿರಬೇಕು, ತೂತನ್ನು ಪೂರ್ತಿ ಮುಚ್ಚಬೇಕು. ಮೊದಲ ಸಲ ಮೆಲ್ಲಗೆ ಒತ್ತಿ ಗಾಳಿ ಬಿಡಿಸಿ, ನಂತರ ಹದಿನೈದು ಇಪ್ಪತ್ತು ಸಲ ಜೋರಾಗಿ ಒತ್ತಿ ಎಳೆಯಿರಿ. ಒತ್ತುವುದಷ್ಟೇ ಎಂದು ಬಹಳ ಮಂದಿ ತಿಳಿದಿದ್ದಾರೆ. ಸಿಕ್ಕಿಕೊಂಡದ್ದನ್ನು ಸಡಿಲಿಸುವುದು ಎಳೆತ. ಇದಕ್ಕೂ ಬಗ್ಗದಿದ್ದರೆ ಬಾಗಿನೊಳಗೆ ತಿರುಗಿಕೊಂಡು ಹೋಗುವ ಸ್ಪ್ರಿಂಗ್ ತಂತಿ ಸಿಗುತ್ತದೆ. ನಾಲ್ಕೈದು ಮನೆಯವರು ಕೂಡಿ ಒಂದು ಕೊಂಡರೆ ಸಾಕು.

ಆಸಿಡ್ ಸುರಿಯಬೇಡಿ. ಗಡಸು ನೀರಿನ ಬಿಳಿ ಕಲೆಗೆ ಹಾಕುವ ಆಸಿಡ್ ಪ್ಲಾಸ್ಟಿಕ್ ಚೀಟಿಯನ್ನು ಕರಗಿಸದು. ಅದು ಟ್ರ್ಯಾಪಿನಲ್ಲೇ ನಿಂತು, ಪ್ಲಂಜರು ಒತ್ತಿದಾಗ ಕಣ್ಣಿಗೆ ಸಿಡಿಯುತ್ತದೆ. ಅದರ ಮೇಲೆ ಬ್ಲೀಚಿಂಗ್ ಪೌಡರ್ ಬಿದ್ದರಂತೂ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ.

ಈಗ ನಿಮ್ಮ ಮನಸ್ಸಿನ ಪ್ರಶ್ನೆ. ‘ಇಷ್ಟಲಿಂಗ ಹಿಡಿಯುವ ಕೈರೀ ಇದು, ಇದರಿಂದ ಹೆಂಗ ಮಾಡೂದು?’ ಮಗುವಿನ ಹೇಲು ತೊಳೆದ ತಾಯಿ ಸೋಪು ಹಚ್ಚಿ ಕೈ ತೊಳೆದು ಪೂಜೆಗೆ ಕೂರುವುದಿಲ್ಲವೇ? ಆಕೆಯ ಕೈಗಿಲ್ಲದ ಮೈಲಿಗೆ ಯಜಮಾನರ ಕೈಗೆಲ್ಲಿಂದ ಬಂತು? ಇನ್ನೂ ಒಂದು ಮಾತು, ಗಂಡಸರಿಗೆ. ಓಣಿಯವನು ಬರಲಿಲ್ಲವೆಂದು ಈ ಕೆಲಸವನ್ನು ಸೊಸೆಗೆ ದಾಟಿಸಿದರೆ ಏನೂ ಬದಲಾದಂತಾಗಲಿಲ್ಲ.

ಯಂತ್ರ ತರುವ ಪ್ಲಂಬರನನ್ನು ಕರೆಯಬಾರದು ಎಂದು ನಾನು ಹೇಳುತ್ತಿಲ್ಲ. ಕರೆಯಿರಿ, ಮುಂಬಾಗಿಲಿನಿಂದ ಕರೆಯಿರಿ, ಕೇಳಿದಷ್ಟು ಕೊಡಿ, ಒಳಗೆ ಕೂರಿಸಿ ಚಹಾ ಕೊಡಿ.

ನೀವು ಮಾಡಬಾರದ, ಬೇರೆಯವರಿಂದಲೂ ಮಾಡಿಸಬಾರದ ಕೆಲಸವೊಂದಿದೆ. ಸೆಪ್ಟಿಕ್ ಟ್ಯಾಂಕಿಗೆ ಯಾರೂ ಇಳಿಯಕೂಡದು. ಅಲ್ಲಿನ ವಿಷಾನಿಲ ಕೂಗಲೂ ಬಿಡುವುದಿಲ್ಲ. ಒಬ್ಬನನ್ನು ಎತ್ತಲು ಹೋದ ಇನ್ನೊಬ್ಬನೂ ಅಲ್ಲೇ ಉಳಿದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಸುರಕ್ಷಾ ಸಾಧನವಿಲ್ಲದೆ ಇಳಿಸಿದರೆ 2013ರ ಕಾಯ್ದೆಯಂತೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಆಗಬಹುದು. ಟ್ಯಾಂಕು ತುಂಬಿದರೆ ಸಕಿಂಗ್ ಗಾಡಿ ತರಿಸಿ.

ಹಳ್ಳಿಗಳಲ್ಲಿ 12,000 ರೂಪಾಯಿ ಸಹಾಯಧನದಲ್ಲಿ ಎರಡು ಗುಂಡಿಯ ಶೌಚಾಲಯ ಕಟ್ಟಿಸಿಕೊಂಡವರು ಒಂದು ಗುಂಡಿ ತುಂಬಿದರೆ ಚೇಂಬರಿನಲ್ಲಿ ದಾರಿ ತಿರುಗಿಸಿ. ತುಂಬಿದ್ದನ್ನು ಎರಡು ವರ್ಷ ಮುಚ್ಚಿಟ್ಟರೆ ಗೊಬ್ಬರವಾಗುತ್ತದೆ. ಕಾಲುವೆ ನೀರು ಹರಿಯುವ ಎರೆಭೂಮಿಯ ಊರುಗಳಲ್ಲಿ ಗುಂಡಿಯ ನೀರು ಬೇಗ ಇಂಗುವುದಿಲ್ಲ. ಮಳೆಗಾಲದಲ್ಲಿ ಸಂಡಾಸ ನಿಧಾನವಾದರೆ ಟ್ರ್ಯಾಪನ್ನು ಬೈಯುವ ಮೊದಲು ಗುಂಡಿ ಎಷ್ಟು ತುಂಬಿದೆ ನೋಡಿ.

ಪ್ಲಂಜರು ತಂದಿದ್ದೇನೆ. ಇಲ್ಲಿನ ದಾಸೋಹ ಮನೆಯ ಹಿಂದಿನ ಎರಡನೇ ಸಂಡಾಸ ನಿಧಾನವಾಗಿದೆಯೆಂದು ಬೆಳಿಗ್ಗೆ ತಿಳಿಯಿತು. ಪ್ರಸಾದಕ್ಕೆ ಮೊದಲು ಯಾರಾದರೂ ಇಬ್ಬರು ಬನ್ನಿ, ಕೂಡಿ ಮಾಡೋಣ.