ವಿಶ್ರಾಂತಿಯ ಸಾವಿತ್ರಿ ವೈತಿ



ರಾಜ್ಯೋತ್ಸವದ ಸಭೆಯಲ್ಲಿ ಕನ್ನಡದವರಲ್ಲದ ಒಬ್ಬ ಮಹಿಳೆಯನ್ನು ಕುರಿತು ನಾಲ್ಕು ಮಾತು ಆಡಬೇಕೆಂದಿದ್ದೇವೆ. ಇದೇನೆಂದು ಯಾರಾದರೂ ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಆದರೆ ಅನ್ನ ಕೊಟ್ಟ ಊರಿನ ಸಜ್ಜನರನ್ನು ನೆನೆಯುವುದೂ ನಮ್ಮ ಹಿರಿಯರು ಹಾಕಿಕೊಟ್ಟ ನಡೆಯೇ ಸರಿ.

ಈಗ ನಮ್ಮೊಡನಿಲ್ಲದ ಶ್ರೀಮತಿ ಸಾವಿತ್ರಿ ವೈತಿಯವರು 1978ರಲ್ಲಿ, ಆಗಿನ ಮದರಾಸಿನಲ್ಲಿ, ದಿಕ್ಕಿಲ್ಲದ ವೃದ್ಧೆಯರಿಗಾಗಿ ಒಂದು ಮನೆ ತೆರೆದರು. ಅದಕ್ಕೆ ವಿಶ್ರಾಂತಿ ಎಂದು ಹೆಸರಿಟ್ಟರು. ಕನ್ನಡಿಗರಿಗೆ ಅರ್ಥ ಬಿಡಿಸಿ ಹೇಳಬೇಕಾದ ಹೆಸರಲ್ಲ.

ಅವರು ಮಂತ್ರಿಗಳಲ್ಲ, ಜಮೀನ್ದಾರರ ಮನೆಯವರೂ ಅಲ್ಲ, ಗೃಹಿಣಿ. ಅದಕ್ಕೆ ಮುಂಚೆ, 1960ರ ದಶಕದಲ್ಲಿಯೇ, ತಮ್ಮಂಥ ಗೃಹಿಣಿಯರನ್ನು ಕೂಡಿಸಿಕೊಂಡು ಮಂಡೇ ಚಾರಿಟಿ ಕ್ಲಬ್ ಎಂಬ ಸಂಘವನ್ನು ಕಟ್ಟಿದ್ದರು. ಸೋಮವಾರದ ಸಂಘ! ಹೆಸರಿನಲ್ಲಿಯೇ ವಾರವನ್ನು ಕಟ್ಟಿಕೊಂಡವರು ತಪ್ಪಿಸಿಕೊಳ್ಳುವುದು ಕಷ್ಟ. ಸೇವೆ ಮಾಡಬೇಕೆಂಬ ಉತ್ಸಾಹ ಯಾರಿಗೆ ಇಲ್ಲ? ವಾರದ ಕೆಲಸವನ್ನು ವಾರಕ್ಕೆ ಮಾಡುವುದರಲ್ಲಿಯೇ ಎಲ್ಲರ ಪರೀಕ್ಷೆ.

ಅಂದಿನ ಕಾಲವನ್ನು ಸ್ವಲ್ಪ ನೆನೆದುಕೊಳ್ಳಿ. ವೃದ್ಧಾಶ್ರಮವೆಂದರೆ ಜನ ಮೂಗು ಮುರಿಯುತ್ತಿದ್ದರು. ‘ನಮ್ಮ ದೇಶದಲ್ಲಿ ಅಂಥದು ಏಕೆ, ಮಕ್ಕಳಿಲ್ಲವೆ?’ ಎನ್ನುತ್ತಿದ್ದರು. ಮುದುಕರ ರೋಗಗಳಿಗೆಂದೇ ಪ್ರತ್ಯೇಕ ಚಿಕಿತ್ಸಾ ವಿಭಾಗ ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ ಮೊದಲಾದದ್ದೂ ಅದೇ 1978ರಲ್ಲಿ. ತಂದೆತಾಯಿಗಳ ಪೋಷಣೆ ಮಕ್ಕಳ ಹೊಣೆಯೆಂದು ಪಾರ್ಲಿಮೆಂಟು ಪ್ರತ್ಯೇಕ ಕಾನೂನು ಮಾಡಿದ್ದು 2007ರಲ್ಲಿ, ಎಂದರೆ 29 ವರ್ಷಗಳ ಮೇಲೆ. ಕಾನೂನು ಬರಲೆಂದು ಆ ತಾಯಿ ಕಾದು ಕುಳಿತಿದ್ದರೆ ಎಷ್ಟು ಮಂದಿ ಅಜ್ಜಿಯರು ಬೀದಿಯಲ್ಲಿಯೇ ಉಳಿಯುತ್ತಿದ್ದರೋ!

ಕಡಲ ಕಡೆಯ ಪಾಲವಾಕ್ಕಂನಲ್ಲಿ ಆ ಮನೆ ಬೆಳೆಯಿತು. ಬಂದವರಿಂದ ಹಣ ಕೇಳುವ ಪದ್ಧತಿ ಅಲ್ಲಿರಲಿಲ್ಲ. ಇಷ್ಟನ್ನು ಅನ್ನಸತ್ರವೂ ಮಾಡೀತು. ಆದರೆ ಸಾವಿತ್ರಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿಯ ವೃದ್ಧೆಯೊಬ್ಬರು ತೀರಿಕೊಂಡು, ಸಂಸ್ಕಾರಕ್ಕೆ ರಕ್ತಸಂಬಂಧಿಗಳು ಯಾರೂ ಬಾರದೆ ಹೋದಾಗ, ಹೆಂಗಸರೇ ನಿಂತು ಅದನ್ನು ನೆರವೇರಿಸಿದರು. ನಮ್ಮ ಮನೆಗಳಲ್ಲಿ ಇಂದಿಗೂ ಹೆಂಗಸರನ್ನು ಬಾಗಿಲಲ್ಲಿಯೇ ನಿಲ್ಲಿಸಿ ಹೋಗುವವರುಂಟು. ಹೀಗಿರುವಾಗ ಅದು ಎಂಥ ಧೈರ್ಯದ ಕೆಲಸ! ‘ನನ್ನನ್ನು ಕೊನೆಗೆ ಯಾರು ಎತ್ತುತ್ತಾರೆ?’ ಎಂಬ ಭಯ ಮುಪ್ಪಿನಲ್ಲಿ ಹಸಿವಿಗಿಂತ ದೊಡ್ಡದು. ಆ ಭಯವನ್ನು ಅವರು ಬಲ್ಲವರಾಗಿದ್ದರು.

ಈ ಸಂಗತಿ ನಮಗೇಕೆ ಎನ್ನುತ್ತೀರಾ? 1956ರ ನವೆಂಬರ್ 1ರವರೆಗೆ ಮಂಗಳೂರು, ಉಡುಪಿಯವರಿಗೆ ಮದರಾಸೇ ರಾಜಧಾನಿಯಾಗಿತ್ತು. ಹೋಟೆಲಿಗೆಂದೋ ಓದಿಗೆಂದೋ ಬಂದವರು ಇಲ್ಲಿಯವರೇ ಆದರು. ತಮಿಳು ಅವರಿಗೆ ಬಾಯಿಗೆ ಹತ್ತಿತು. ಈಗಿನ ಮಾತೇ ಬೇರೆ. ಮಗ ಇಲ್ಲಿ ಕಂಪ್ಯೂಟರ್ ಕಂಪನಿಯಲ್ಲಿರುತ್ತಾನೆ. ಊರಿನಲ್ಲಿ ಯಜಮಾನರು ತೀರಿಕೊಂಡ ಮೇಲೆ ತಾಯಿಯನ್ನು ಕರೆತರುತ್ತಾನೆ. ಎಪ್ಪತ್ತೈದನೆಯ ವಯಸ್ಸಿನಲ್ಲಿ ಆಕೆ ವೇಳಚೇರಿಯ ನಾಲ್ಕನೆಯ ಮಹಡಿಗೆ ಬಂದು ಸೇರುತ್ತಾಳೆ. ಮಗ, ಸೊಸೆ ಒಳ್ಳೆಯವರೇ. ಊಟಕ್ಕೆ, ಔಷಧಕ್ಕೆ ಏನೂ ಕೊರತೆಯಿಲ್ಲ. ಆದರೆ ಬೆಳಗಿನ ಒಂಬತ್ತರಿಂದ ರಾತ್ರಿ ಎಂಟರವರೆಗೆ ಒಂದು ಕನ್ನಡದ ಮಾತು ಕಿವಿಗೆ ಬೀಳುವುದಿಲ್ಲ. ನಿರ್ಗತಿಕಳಲ್ಲದಿದ್ದರೂ ಆಕೆಗೆ ಆಸರೆ ಬೇಕು. ಇದು ಯಾವ ಸರ್ಕಾರದ ಲೆಕ್ಕಕ್ಕೂ ಸಿಕ್ಕದ ಒಂಟಿತನ. ಕನ್ನಡ ಸಂಘವಲ್ಲದೆ ಇನ್ನಾರು ಇದಕ್ಕೆ ಒದಗಬೇಕು?

ಹಿರಿಯರಿಗೆ ವರ್ಷಕ್ಕೊಮ್ಮೆ ಶಾಲು ಹೊದಿಸುತ್ತೇವೆ, ಸಂತೋಷ. ಈ ಊರಿನ ಸೆಕೆಯಲ್ಲಿ ಶಾಲು ಎಷ್ಟು ಹೊತ್ತು ಹೆಗಲ ಮೇಲಿದ್ದೀತು?

ನವೆಂಬರ್ ನಮಗೆ ರಾಜ್ಯೋತ್ಸವದ ತಿಂಗಳು. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ, ತಾವು ಬದುಕಿದ್ದೇವೆಂದು ರುಜುವಾತು ಕೊಡುವ ತಿಂಗಳು. ಎಂಬತ್ತು ತುಂಬಿದವರು ಅಕ್ಟೋಬರಿನಲ್ಲಿಯೇ ಕೊಡಬಹುದು. 2014ರಿಂದ ಜೀವನ್ ಪ್ರಮಾಣ್ ಎಂಬ ಏರ್ಪಾಡು ಇದೆ. ಬೆರಳೊತ್ತಿದರೆ ಸಾಕೆನ್ನುತ್ತಾರೆ, ಆದರೆ ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿಯೂ ಮುಗಿಸಬಹುದು. ನಮ್ಮ ಕಾಲೇಜಿನ ಹುಡುಗರಿಗೆ ಅದು ಹತ್ತು ನಿಮಿಷದ ಕೆಲಸ. ಅಜ್ಜನಿಗೆ ಅದು ಒಂದು ದಿನದ ಆತಂಕ. ಕೆಲಸ ಮುಗಿದ ಮೇಲೆ ಹುಡುಗ ಅರ್ಧ ಗಂಟೆ ಕುಳಿತು ಅಜ್ಜನ ಊರಿನ ಸುದ್ದಿ ಕೇಳಲಿ. ಅವನ ಕನ್ನಡವೂ ಸ್ವಲ್ಪ ನೆಟ್ಟಗಾದೀತು.

ಸಾವಿತ್ರಿ ವೈತಿಯವರ ಹೆಸರಿನಲ್ಲಿ ಕಟ್ಟಡ ಕಟ್ಟುವ ಶಕ್ತಿ ನಮಗಿಲ್ಲ. ಅವರಿಂದ ಸೋಮವಾರವನ್ನು ಕಡ ತರೋಣ. ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಮೇಲೆ ಒಂದು ನೋಟ್ ಪುಸ್ತಕವಿರುತ್ತದೆ. ನಿಮ್ಮ ಮನೆಯಲ್ಲಿ, ಅಥವಾ ನಿಮ್ಮ ಬೀದಿಯಲ್ಲಿ, ಮಾತಿಗೆ ಜೊತೆ ಬೇಕಾದ ಹಿರಿಯರಿದ್ದರೆ, ಅವರನ್ನು ಕೇಳಿಕೊಂಡು ಹೆಸರು, ವಿಳಾಸ ಬರೆಯಿರಿ. ಹೋಗಿಬರಲು ಒಪ್ಪುವವರು ಅದರ ಎದುರಿನ ಪುಟದಲ್ಲಿ ಬರೆಯಿರಿ. ಮುಂದಿನ ಸೋಮವಾರ ಸಂಜೆ ಐದು ಗಂಟೆಗೆ ಎರಡು ಪುಟಗಳನ್ನೂ ಇಟ್ಟುಕೊಂಡು ಕೂಡುತ್ತೇವೆ. ಕಾಫಿ ಇರುತ್ತದೆ.