ಎಕರೆಯಲ್ಲಿ ಮಾರಿ ಅಡಿಯಲ್ಲಿ ಕೊಳ್ಳುವ ಮುನ್ನ

(ಗ್ರಾಮ ಘಟಕದ ಸಭೆಯಲ್ಲಿ ಮಾಡಿದ ಭಾಷಣ)



ಜಮೀನು ಮಾರಿ ಬೆಂಗಳೂರು ಸೇರೋದೇ, ಅದರ ಅಂಚಿನಲ್ಲಿ ಒಂದು ಸೈಟು ಹಿಡಿಯೋದೇ, ಇಲ್ಲಾ ಊರಲ್ಲೇ ಇರೋದೇ? ಈ ಪ್ರಶ್ನೆ ಈಗ ನಿಮ್ಮ ಜಗಲಿ ಮೇಲೆ ಬಂದು ಕೂತಿದೆ. ಹಳ್ಳಿಯೇ ಸ್ವರ್ಗ ಅಂತ ಹೇಳಲು ನಾನು ಬಂದಿಲ್ಲ. ಆ ಮಾತು ಆಡೋರು ಸಾಮಾನ್ಯವಾಗಿ ಪೇಟೆಯಲ್ಲಿ ಫ್ಯಾನಿನ ಕೆಳಗೆ ಕೂತಿರ್ತಾರೆ. 2025-26ರ ಸಾಲಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಖರೀದಿ ಕೇಂದ್ರದ ಬಾಗಿಲು ತೆಗೆಯುವಷ್ಟರಲ್ಲಿ ಸಾಲಗಾರನ ರಾಗಿ ದಲ್ಲಾಳಿಯ ಲಾರಿ ಹತ್ತಿರುತ್ತದೆ. ಇದನ್ನು ಕಣ್ಣಾರೆ ಕಂಡ ಮಗ ಪೇಟೆಗೆ ಹೋಗ್ತೀನಿ ಅಂದರೆ ಬೈಯಬೇಡಿ, ಹೋಗಲಿ. ಮಗ ಹೋಗೋದು ಬೇರೆ, ಪಹಣಿ ಹೋಗೋದು ಬೇರೆ.

ಒಂದು ಲೆಕ್ಕ ಹಾಕಿ. ಎಕರೆ ಅಂದರೆ 40 ಗುಂಟೆ, 43,560 ಚದರ ಅಡಿ. ರಸ್ತೆ, ಪಾರ್ಕು ಅಂತ ಅರ್ಧ ಬಿಟ್ಟರೂ ಮೂವತ್ತು-ನಲವತ್ತರ 18 ಸೈಟು ಏಳುತ್ತವೆ. ನಾವು ಎಕರೆಯಲ್ಲಿ ಮಾರ್ತೀವಿ, ಲೇಔಟಿನವನು ಅಡಿಯಲ್ಲಿ ಮಾರ್ತಾನೆ. ಆ ದುಡ್ಡು ಹಿಡಿದು ನಾವು ಸೈಟು ಕೊಳ್ಳಲು ಹೋದರೆ ನಮಗೂ ಅಡಿ ಲೆಕ್ಕವೇ! ಹಿಂದಿರುಗಿ ಹೊಲ ಕೊಳ್ಳೋಣ ಅಂದರೆ, 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ರೈತನಲ್ಲದವನೂ ಪೈಪೋಟಿಗೆ ನಿಂತಿದ್ದಾನೆ.

ಅಂಚಿನ ಬದುಕು ಇನ್ನೂ ವಿಚಿತ್ರ. 2007ರಲ್ಲಿ ಬೃಹತ್ ಬೆಂಗಳೂರು ಮಾಡಿದಾಗ 110 ಹಳ್ಳಿಗಳನ್ನು ಸೇರಿಸಿಕೊಂಡರು. ಆ ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರಿನಲ್ಲಿ. ನಡುವೆ ಹದಿನೇಳು ವರ್ಷ ಬೋರು ಮತ್ತು ಟ್ಯಾಂಕರು. ಬಾಡಿಗೆ ಮನೆ ಕಟ್ಟಿ ಬದುಕಿಕೊಂಡವರೂ ಅಲ್ಲಿದ್ದಾರೆ, ಇಲ್ಲ ಅನ್ನೋಲ್ಲ. ಅವರು ನಾಲ್ಕು ಗುಂಟೆಯನ್ನಾದರೂ ಕೈಲಿ ಉಳಿಸಿಕೊಂಡವರು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರನ್ನು ನೋಡಿ. 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತರು. 2025ರ ಜುಲೈ 15ರಂದು ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಕಟಿಸಿದರು. ಇಷ್ಟಪಟ್ಟು ಕೊಡುವವರಿಂದ ತಗೊಳ್ತೀವಿ ಅಂತ ಒಂದು ಬಾಲವನ್ನೂ ಸೇರಿಸಿದರು. ಆ ಬಾಲದ ಮೇಲೆ ಕಣ್ಣಿಡಿ. ಸಾಲ ಕುತ್ತಿಗೆಗೆ ಬಂದವನು ಕೊಡೋದನ್ನು ಇಷ್ಟ ಅನ್ನುತ್ತಾರೆಯೇ?

ಆದ್ದರಿಂದ ಸಾಲಕ್ಕೆ ಹೆದರಿ ಮಾರಬೇಡಿ. ಸಹಕಾರ ಸಂಘಗಳ ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು 2023ರ ರಾಜ್ಯ ಬಜೆಟ್ಟಿನಲ್ಲಿ 5 ಲಕ್ಷಕ್ಕೆ ಏರಿಸಿದರು. ಅಷ್ಟೂ ಎಲ್ಲರ ಕೈಗೆ ಸಿಗುತ್ತದೆ ಅಂತ ಅಲ್ಲ, ಕೇಳಿ ಜಗಳ ಆಡಬೇಕು. ಆದರೆ ಕೇಳುವ ಹಕ್ಕು ನಿಂತಿರೋದು ಪಹಣಿ ಮೇಲೆ. ಅಲಿನೇಷನ್ ಆದ ನೆಲಕ್ಕೆ ಬೆಳೆ ಸಾಲ ಯಾರು ಕೊಡ್ತಾರೆ?

ಮುಂಗಡದ ಕಾಗದಕ್ಕೆ ರುಜು ಹಾಕುವ ಮೊದಲು ಮನೆಯ ಹೆಂಗಸರನ್ನು ಕೂರಿಸಿಕೊಳ್ಳಿ. 2005ರ ತಿದ್ದುಪಡಿ ಪ್ರಕಾರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಪೇಟೆಯಲ್ಲಿ ತಿಂಗಳಿಗೆ ಬಾಡಿಗೆ ಎಷ್ಟು, ಹಾಲಿಗೆ, ಅಕ್ಕಿಗೆ, ನೀರಿಗೆ ಎಷ್ಟು, ಅವರ ಬಾಯಿಂದಲೇ ಹೇಳಿಸಿ ಬರೆಯಿರಿ. ಪಕ್ಕದಲ್ಲಿ ನಿಮ್ಮ ಸಾಲ ಎಷ್ಟು, ಯಾರಿಗೆ, ಬಡ್ಡಿ ಎಷ್ಟು ಅಂತ ಬರೆಯಿರಿ. ಆ ಚೀಟಿ ಹಿಡಿದು ಮುಂದಿನ ಸಭೆಗೆ ಬನ್ನಿ, ಒಂದೊಂದಾಗಿ ನೋಡೋಣ.