ಅಂಗಿಯ ಹಾಡಿನ ಛಂದಸ್ಸು

ಅನ್ಯಾಯವನ್ನು ಕಂಡು ಮರುಗುವ ಕವಿಗೆ ಛಂದಸ್ಸಿನ ಗೊಡವೆಯೇಕೆಂದು ಕೇಳುವವರುಂಟು. ನೊಂದವರ ಮಾತಿಗೆ ಪ್ರಾಸದ ಒಡವೆ ತೊಡಿಸುವುದು ಸಲ್ಲದೆಂಬುದು ಅವರ ಆಕ್ಷೇಪ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಆಂಗ್ಲಕವಿ ಥಾಮಸ್ ಹುಡ್ ರಚಿಸಿದ 'ಅಂಗಿಯ ಹಾಡಿ'ನಲ್ಲಿ ಪರೀಕ್ಷಿಸಿ ನೋಡೋಣ.

1843ರಲ್ಲಿ ಲಂಡನ್ ನಗರದ ಬಡ ವಿಧವೆಯೊಬ್ಬಳು, ಹೊಲಿದುಕೊಡಲೆಂದು ಧಣಿಯು ಕೊಟ್ಟಿದ್ದ ಬಟ್ಟೆಗಳನ್ನು ಹೊಟ್ಟೆಯ ಪಾಡಿಗಾಗಿ ಒತ್ತೆಯಿಟ್ಟು ನ್ಯಾಯಸ್ಥಾನದ ಮುಂದೆ ನಿಲ್ಲಬೇಕಾಯಿತು. ಒಂದು ಉಡುಪಿಗೆ ಅವಳಿಗೆ ದೊರೆಯುತ್ತಿದ್ದ ಕೂಲಿ 7 ಪೆನ್ಸ್. ಈ ಸುದ್ದಿಯು ಜನರ ಮನಸ್ಸನ್ನು ಕಲಕಿತು. ಅದೇ ವರ್ಷದ ಡಿಸೆಂಬರಿನಲ್ಲಿ 'ಪಂಚ್' ಪತ್ರಿಕೆಯ ಕ್ರಿಸ್ಮಸ್ ಸಂಚಿಕೆಯಲ್ಲಿ ಹುಡ್ಡನ ಕವನವು ಕವಿಯ ಹೆಸರಿಲ್ಲದೆಯೇ ಪ್ರಕಟವಾಯಿತು.

ಮೊದಲು ಗತಿಯನ್ನು ಗಮನಿಸೋಣ. ಇಂಗ್ಲಿಷ್ ಪದ್ಯದಲ್ಲಿ ಎಣಿಸತಕ್ಕದ್ದು ಮಾತ್ರೆಗಳನ್ನಲ್ಲ, ಉಚ್ಚಾರಣೆಯ ಒತ್ತುಗಳನ್ನು. ಈ ಕವನದ ಮೊದಲನೆಯ ಪದ್ಯದಲ್ಲಿ ಎಂಟು ಪಂಕ್ತಿಗಳಿವೆ. ಮೂರನೆಯ ಮತ್ತು ಏಳನೆಯ ಪಂಕ್ತಿಗಳಿಗೆ ನಾಲ್ಕು ಒತ್ತು, ಉಳಿದವುಗಳಿಗೆ ಮೂರು. ನಡುವೆ ಐದನೆಯ ಪಂಕ್ತಿಯಲ್ಲಿ 'ಹೊಲಿಗೆ' ಎಂಬರ್ಥದ ಏಕಾಕ್ಷರ ಪದವೊಂದೇ ಮೂರು ಸಲ ಬರುತ್ತದೆ. ಮೂರು ಒತ್ತು, ಮೂರೇ ಅಕ್ಷರ. ನಡುವೆ ಉಸಿರಾಡಲು ಹಗುರವಾದ ಒಂದು ಅಕ್ಷರವೂ ಇಲ್ಲ. ಓದುವ ನಾಲಿಗೆಗೆ ಸೂಜಿಯ ಮೂರು ಇರಿತಗಳು ತಾಗುತ್ತವೆ. ಮುಂದಿನ ಪದ್ಯಗಳಲ್ಲಿ 'ದುಡಿಮೆ' ಎಂಬ ಪದವೂ ಹೀಗೆಯೇ ಮರಳುತ್ತದೆ. ಉಡುಪಿನ ಮೂರು ಭಾಗಗಳ ಹೆಸರುಗಳು ಒಂದು ಪಂಕ್ತಿಯಲ್ಲಿ ಸಾಲಾಗಿ ಬಂದು, ಮರುಪಂಕ್ತಿಯಲ್ಲಿ ಹಿಂದುಮುಂದಾಗಿ ಬರುತ್ತವೆ: ದಾರವು ಹೋದ ದಾರಿಯಲ್ಲಿಯೇ ಹಿಂದಿರುಗಿದಂತೆ.

ನಮ್ಮ ನಾಡಿನ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಹಾಡಿದ ತ್ರಿಪದಿಗಳನ್ನು ಇಲ್ಲಿ ನೆನೆಯಬಹುದು. ಅಲ್ಲಿ ಹಾಡು ದುಡಿಮೆಯ ಭಾರವನ್ನು ಇಳಿಸುವುದು. ಹುಡ್ಡನ ಹಾಡಾದರೋ ಭಾರವನ್ನು ಇಳಿಸದೆ, ಅದನ್ನು ಕೇಳುವವರ ಹೆಗಲಿಗೆ ದಾಟಿಸುವುದು. ಆವೃತ್ತಿಯು ಇಲ್ಲಿ ಅಲಂಕಾರವಲ್ಲ. ಕವಿಯು ಹೇಳಬೇಕಾದ ಸಂಗತಿಯೇ ಅದು.

ಇನ್ನು ಪ್ರಾಸ. ನಮ್ಮ ಪ್ರಾಚೀನ ಕವಿಗಳಿಗೆ ಆದಿಪ್ರಾಸವು ಹೇಗೋ ಆಂಗ್ಲರಿಗೆ ಅಂತ್ಯಪ್ರಾಸವು ಹಾಗೆ. ಕವನದ ಕೊನೆಯಲ್ಲಿ ಮೊದಲನೆಯ ಪದ್ಯವೇ ಮರಳಿ ಬರುವುದು. ಹೊಲಿಯುವವಳು ಇನ್ನೂ ಅಲ್ಲಿಯೇ ಕುಳಿತಿದ್ದಾಳೆ. ಆದರೆ ಈ ಸಲ ಎಂಟು ಪಂಕ್ತಿಗಳ ಜೊತೆಗೆ ಒಂದು ಹೆಚ್ಚಿನ ಪಂಕ್ತಿಯು ಸೇರಿದೆ. ಈ ಸ್ವರವು ಸಿರಿವಂತರ ಕಿವಿಗೆ ಮುಟ್ಟಲಿ ಎಂಬುದು ಅದರ ಹಾರೈಕೆ. ಹೊಲಿಗೆಯನ್ನು ಹೇಳುವ 'ಸ್ಟಿಚ್', ದನಿಯ ಮಟ್ಟವನ್ನು ಹೇಳುವ 'ಪಿಚ್', ಸಿರಿವಂತರನ್ನು ಹೇಳುವ 'ರಿಚ್': ಈ ಮೂರೂ ಒಂದೇ ಪ್ರಾಸದಲ್ಲಿ ಹೆಣೆದುಕೊಳ್ಳುತ್ತವೆ. ಅಂಗಿ ತೊಡುವವರನ್ನೂ ಹೊಲಿಯುವವಳನ್ನೂ ಲೋಕವು ಬೇರೆಬೇರೆಯಾಗಿ ಇರಿಸಿತ್ತು. ಪ್ರಾಸವು ಅವರನ್ನು ಒಂದೇ ದಾರದಲ್ಲಿ ಪೋಣಿಸಿತು.

ಕಟ್ಟು ಮೊದಲೇ ಇದ್ದುದರಿಂದಲ್ಲವೇ ಅದನ್ನು ಮೀರಿದ ಒಂದು ಪಂಕ್ತಿಗೆ ಇಷ್ಟು ಶಕ್ತಿ ಬಂದುದು? ಹುಡ್ 1845ರಲ್ಲಿ ತೀರಿಕೊಂಡನು. ಅಂಗಿಯ ಹಾಡನ್ನು ಹಾಡಿದವನೆಂಬುದನ್ನೇ ಅವನ ಸಮಾಧಿಯ ಮೇಲೆ ಕೆತ್ತಿದರು. ಛಂದಸ್ಸು ನೋವಿಗೆ ತೊಡಿಸಿದ ಒಡವೆಯಲ್ಲ. ನೋವು ಮತ್ತೊಬ್ಬರ ಎದೆಯನ್ನು ಮುಟ್ಟುವುದಕ್ಕೆ ಅದು ದಾರಿ.